ಢಂ ಎಂದವನ ಮುಖ

ಹಕ್ಕಿ ನೋಡುವವರಿಗೆ ಒಂದು ಅಭ್ಯಾಸವಿದೆ. ಹಕ್ಕಿ ರೆಕ್ಕೆ ಬಡಿಯಿತು, ಕೊಕ್ಕು ಚಾಚಿತು, ಹಾರಿಹೋಯಿತು ಎಂದು ಬರೆದುಕೊಳ್ಳುತ್ತಾರೆ. ಅದು ಮಾಡಿದ್ದು ಸರಿಯೋ ತಪ್ಪೋ ಎಂಬ ಗೊಡವೆಗೆ ಹೋಗುವುದಿಲ್ಲ. ನಿಕೊಲಸ್ ಬ್ಲರ್ಟನ್ ಜೋನ್ಸ್ ಆಕ್ಸ್‌ಫರ್ಡಿನಲ್ಲಿ ನಿಕೊ ಟಿನ್‌ಬರ್ಗೆನ್ ಅವರ ಶಿಷ್ಯರಾಗಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಯನ್ನು ಹೀಗೆ ನೋಡಿದವರು. 1960ರ ದಶಕದಲ್ಲಿ ಅದೇ ಕಣ್ಣು, ಅದೇ ಬುದ್ಧಿ ಹೊತ್ತು ಶಿಶುವಿಹಾರಕ್ಕೆ ಹೋಗಿ ಕುಳಿತರು. ಮಕ್ಕಳು ಓಡುತ್ತಿದ್ದರು, ಅಟ್ಟಿಸಿಕೊಂಡು ಹೋಗುತ್ತಿದ್ದರು, ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು, ಕೈಯೆತ್ತಿ ಹೊಡೆಯುತ್ತಿದ್ದರು. ದೂರದಿಂದ ನೋಡುವ ದೊಡ್ಡವರಿಗೆ ಎಲ್ಲವೂ ಒಂದೇ: ಜಗಳ.

ಬರೆದುಕೊಳ್ಳುತ್ತ ಹೋದಾಗ ಅದು ಒಂದಲ್ಲ, ಎರಡು ಎಂದು ಕಂಡಿತು. ಒಂದು ಗುಂಪಿನ ನಡತೆಗಳು ಯಾವಾಗಲೂ ಜೊತೆಜೊತೆಗೇ ಬರುತ್ತಿದ್ದವು: ಓಟ, ಕುಪ್ಪಳಿಕೆ, ಹೊರಳಾಟ, ಅಂಗೈ ಬಿಚ್ಚಿದ ಏಟು, ಮತ್ತು ನಗು. ಇನ್ನೊಂದು ಗುಂಪು ಬೇರೆಯೇ: ಗಂಟಿಕ್ಕಿದ ಹುಬ್ಬು, ನೆಟ್ಟ ನೋಟ, ತಳ್ಳಾಟ, ಕಿತ್ತಾಟ. ಈ ಎರಡನೆಯದು ಹುಟ್ಟುತ್ತಿದ್ದುದು ಹೆಚ್ಚಾಗಿ ಒಂದು ಆಟಿಕೆ ಯಾರದ್ದು ಎಂಬುದಕ್ಕೆ. ಮುಗಿದ ಮೇಲೆ ಏನಾಗುತ್ತದೆ ಎಂಬುದರಲ್ಲೂ ವ್ಯತ್ಯಾಸವಿತ್ತು. ಜಗಳವಾಡಿದವರು ದೂರ ಸರಿಯುತ್ತಿದ್ದರು, ಹೊರಳಾಡಿದವರು ಒಟ್ಟಿಗೇ ಉಳಿಯುತ್ತಿದ್ದರು. ಮೊದಲನೆಯದಕ್ಕೆ ಅವರು ಬಳಸಿದ್ದು ಹ್ಯಾರಿ ಹಾರ್ಲೊ ಕೋತಿಮರಿಗಳ ಆಟಕ್ಕೆ ಹೇಳಿದ್ದ ಹೆಸರನ್ನೇ. ನಾವು ಗುದ್ದಾಟದ ಆಟ ಎನ್ನಬಹುದು. 1967ರಲ್ಲಿ ಈ ಲೇಖನ ಅಚ್ಚಾದದ್ದು ಡೆಸ್ಮಂಡ್ ಮಾರಿಸ್ ಸಂಪಾದಿಸಿದ, ವಾನರವರ್ಗದ ನಡವಳಿಕೆ ಕುರಿತ ಪುಸ್ತಕದಲ್ಲಿ. ಶಿಶುವಿಹಾರದ ಟೀಚರುಗಳನ್ನು ಕೇಳಿದ್ದರೆ ಸರಿಯಾದ ಜಾಗವನ್ನೇ ಕೊಟ್ಟಿದ್ದಾರೆ ಎನ್ನುತ್ತಿದ್ದರೇನೋ.

ಮಕ್ಕಳಿಗೆ ಇದು ಹೊಸ ಸುದ್ದಿಯಲ್ಲ. ಆಟದ ನಡುವೆ ಲಾಡಿ ಬಿಚ್ಚಿದರೆ, ಮೊಣಕಾಲು ತರಚಿದರೆ ನಮ್ಮ ಬೀದಿಯ ಹುಡುಗರು ‘ಟೈಂಪ್ಲೀಸ್’ ಎಂದು ಕೂಗುತ್ತಿದ್ದರು. ಆ ಗಳಿಗೆಯಲ್ಲಿ ಅವರನ್ನು ಮುಟ್ಟುವಂತಿರಲಿಲ್ಲ. ಬ್ರಿಟನ್ನಿನ ಮಕ್ಕಳ ಬಾಯಲ್ಲಿದ್ದ ಇಂಥ ಕದನವಿರಾಮದ ಮಾತುಗಳನ್ನು ಐಯೋನಾ ಮತ್ತು ಪೀಟರ್ ಓಪಿ ದಂಪತಿ 1959ರ ತಮ್ಮ ಪುಸ್ತಕದಲ್ಲಿ ಊರೂರಿನ ಲೆಕ್ಕದಲ್ಲಿ ಕೂಡಿಹಾಕಿದ್ದರು: ಒಂದು ಕಡೆ ಬಾರ್ಲಿ, ಇನ್ನೊಂದು ಕಡೆ ಫೇನೈಟ್ಸ್, ಮತ್ತೊಂದು ಕಡೆ ಸ್ಕಿಂಚ್. ಯುದ್ಧ ಸುಳ್ಳು ಎಂಬುದು ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಅದನ್ನು ನಿಲ್ಲಿಸಲು ಇಷ್ಟೊಂದು ಮಾತು ಏಕೆ ಬೇಕಿತ್ತು?

ಆದರೆ ದೊಡ್ಡವರು ಆಗ ಬೇರೆ ದಿಕ್ಕಿಗೆ ನಡೆಯುತ್ತಿದ್ದರು. ವಿಯೆಟ್ನಾಂ ಯುದ್ಧದ ಚಿತ್ರಗಳು ಮನೆಮನೆಯ ಟಿವಿಯಲ್ಲಿ ಬಂದಿದ್ದವು. ಗಂಡಸರ ಹಿಂಸೆಯ ಬೇರು ಎಲ್ಲಿದೆ ಎಂದು ಸ್ತ್ರೀವಾದಿಗಳು ಕೇಳುತ್ತಿದ್ದರು, ಬೇರು ಎಂದಾಗ ಕಣ್ಣು ಹೋದದ್ದು ಹುಡುಗರ ಕೈಯಲ್ಲಿನ ಪ್ಲಾಸ್ಟಿಕ್ ಪಿಸ್ತೂಲಿನ ಮೇಲೆ. 1979ರಲ್ಲಿ ಸ್ವೀಡನ್ನಿನ ಆಟಿಕೆ ವ್ಯಾಪಾರಿಗಳು ಯುದ್ಧದ ಆಟಿಕೆ ಮಾರುವುದಿಲ್ಲವೆಂದು ತಾವಾಗಿಯೇ ಒಪ್ಪಂದ ಮಾಡಿಕೊಂಡರು. ಬ್ರಿಟನ್ನಿನ ಶಿಶುವಿಹಾರಗಳಲ್ಲಿ ‘ಇಲ್ಲಿ ಬಂದೂಕಿನ ಆಟ ಇಲ್ಲ’ ಎಂಬುದು ಯಾರೂ ಪ್ರಶ್ನಿಸದ ನಿಯಮವಾಯಿತು. ಸದಾಶಯದ ನಿಯಮವೇ, ಆದರೆ ಅದರ ಹಿಂದೆ ಪುರಾವೆ ಮಾತ್ರ ಅಷ್ಟಾಗಿ ಇರಲಿಲ್ಲ.

ಷಿಕಾಗೊದಲ್ಲಿ ವಿವಿಯನ್ ಗಸ್ಸಿನ್ ಪೇಲಿ ಎಂಬ ಶಿಕ್ಷಕಿ ಇದ್ದರು. ಅಲ್ಲಿನ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ. ತರಗತಿಯಲ್ಲಿ ಟೇಪ್ ರೆಕಾರ್ಡರ್ ಇಡುವುದು, ಆಮೇಲೆ ಕೇಳಿಸಿಕೊಂಡು ಮಕ್ಕಳ ಮಾತನ್ನು ಬರೆದುಕೊಳ್ಳುವುದು ಅವರ ರೂಢಿ. 1984ರಲ್ಲಿ ಬಂದ ‘ಬಾಯ್ಸ್ ಅಂಡ್ ಗರ್ಲ್ಸ್’ ಪುಸ್ತಕದಲ್ಲಿ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡದ್ದು ಇದು: ಹುಡುಗಿಯರು ಬೊಂಬೆಮೂಲೆಯಲ್ಲಿ ಅಡುಗೆ ಮಾಡುತ್ತಿದ್ದರೆ ತಮಗೆ ಹಿತ, ಹುಡುಗರು ಡಾರ್ತ್ ವೇಡರ್ ಆಗಿ ನುಗ್ಗಿದರೆ ಕಿರಿಕಿರಿ. ಹುಡುಗರು ಮೇಜಿನ ಮುಂದೆ ಕುಳಿತು ಬಣ್ಣ ಹಚ್ಚುವುದಿಲ್ಲ ಎಂಬುದು ಅವರ ದೂರಾಗಿತ್ತು. ಒಮ್ಮೆ ಆಟದ ಅವಧಿಯನ್ನು ಹೆಚ್ಚಿಸಿ ನೋಡಿದರು. ಮನದಣಿಯೆ ಓಡಾಡಿ, ಸತ್ತು, ಬದುಕಿ, ಮತ್ತೆ ಸತ್ತಾದ ಮೇಲೆ ಹುಡುಗರು ತಾವಾಗಿಯೇ ಮೇಜಿಗೆ ಬಂದು ಕುಳಿತರು. ಟೀಚರಿಗೆ ಕಂಡಿದ್ದ ಕೊರತೆ ಹುಡುಗರದ್ದಾಗಿರಲಿಲ್ಲ, ವೇಳಾಪಟ್ಟಿಯದ್ದಾಗಿತ್ತು. ತನ್ನ ಮೇಲೆ ತಾನೇ ಟೇಪ್ ರೆಕಾರ್ಡರ್ ಇಟ್ಟುಕೊಳ್ಳುವ ಶಿಕ್ಷಕರು ಎಷ್ಟು ಜನ ಸಿಕ್ಕಾರು?

ನಿಷೇಧವನ್ನು ನೇರವಾಗಿ ಕೈಗೆತ್ತಿಕೊಂಡವರು ಲಂಡನ್ನಿನ ಪೆನ್ನಿ ಹಾಲೆಂಡ್. ವಿಚಿತ್ರವೆಂದರೆ ಅವರು ಆ ನಿಯಮದ ವಿರೋಧಿ ಪಾಳಯದವರಲ್ಲ. ಸ್ತ್ರೀವಾದದ ನಂಬಿಕೆಯಿಂದಲೇ ಅದನ್ನು ವರ್ಷಗಟ್ಟಲೆ ಪಾಲಿಸಿ ಬಂದವರು. ಕಾಲವೂ ಸುಲಭದ್ದಲ್ಲ. 1996ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಗೆ ನುಗ್ಗಿದ ಒಬ್ಬ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಗುಂಡಿಕ್ಕಿ ಕೊಂದಿದ್ದ. ಅಂಥ ದೇಶದಲ್ಲಿ ಪುಟಾಣಿಗಳ ಕೈಗೆ ಬಂದೂಕಿನ ಆಟವನ್ನು ಮರಳಿ ಕೊಡೋಣ ಎನ್ನಲು ಎದೆ ಬೇಕು.

ಹಾಲೆಂಡರನ್ನು ಕಾಡಿದ್ದು ಸಿದ್ಧಾಂತವಲ್ಲ, ನಿಯಮದಿಂದ ದಿನವೂ ಆಗುತ್ತಿದ್ದ ಪರಿಣಾಮ. ಬೆಳಗಿನಿಂದ ಸಂಜೆಯವರೆಗೆ ಬೈಸಿಕೊಳ್ಳುವವರು ಅದೇ ಕೆಲವು ಹುಡುಗರು. ಲೆಗೊ ತುಂಡು ಜೋಡಿಸಿದರೆ ಬಂದೂಕು, ಕೋಲು ಎತ್ತಿದರೆ ಬಂದೂಕು, ಅದನ್ನೂ ಕಿತ್ತುಕೊಂಡರೆ ಎರಡು ಬೆರಳು ಇದ್ದೇ ಇವೆ. ಬೆರಳನ್ನು ಎಲ್ಲಿಗೆ ಮುಟ್ಟುಗೋಲು ಹಾಕುವುದು? ಟೀಚರ್ ಹತ್ತಿರ ಬಂದೊಡನೆ ಆ ಲೆಗೊ ತುಂಡು ಬೇರೇನೋ ಆಗಿಬಿಡುತ್ತಿತ್ತು: ಇದು ಬಂದೂಕಲ್ಲ ಟೀಚರ್. ನಾಲ್ಕು ವರ್ಷದ ಮಗು ಶಿಶುವಿಹಾರದಲ್ಲಿ ಕಲಿಯುತ್ತಿದ್ದುದು ಶಾಂತಿಯನ್ನಲ್ಲ, ಮುಖ ನೋಡಿ ಸುಳ್ಳು ಹೇಳುವುದನ್ನು.

ತಾವಿದ್ದ ಶಿಶುವಿಹಾರದಲ್ಲಿ ನಿಯಮವನ್ನು ಸಡಿಲಿಸಿ, ಏನಾಗುತ್ತದೆಂದು ನೋಡುತ್ತ ಬರೆದಿಟ್ಟರು. ಮೊದಲು ಆಟ ಹೆಚ್ಚಿತು. ಅಣೆಕಟ್ಟಿನ ಬಾಗಿಲು ತೆಗೆದರೆ ನೀರು ನುಗ್ಗುವುದು ಸಹಜ. ಆಮೇಲೆ ಇಳಿಯಿತು. ಭಯಪಟ್ಟಂತೆ ನಿಜವಾದ ಹೊಡೆದಾಟವೇನೂ ಏರಲಿಲ್ಲ. ಬರೀ ‘ಢಂ, ನೀನು ಸತ್ತೆ’ ಎಂದಿದ್ದ ಆಟಕ್ಕೆ ಕತೆ ಬಂತು, ಪಾತ್ರ ಬಂತು, ವೇಷ ಬಂತು. ಹಿಂದೆ ಮೂಲೆಗೆ ಬಿದ್ದಿದ್ದ ಹುಡುಗರು ಬೇರೆ ಆಟಗಳಿಗೂ ಕೈಹಾಕಿದರು, ಹುಡುಗಿಯರೂ ಬಂದು ಸೇರಿದರು. ಬೈಗುಳ ನಿಂತಾಗ ಟೀಚರಿಗೂ ಆಟದೊಳಗೆ ಒಂದು ಮಾತು ಹೇಳುವ ಜಾಗ ಸಿಕ್ಕಿತು. 2003ರಲ್ಲಿ ಇದೆಲ್ಲ ಪುಸ್ತಕವಾಯಿತು, ಆ ಹಳೆಯ ನಿಯಮದ ವಾಕ್ಯವನ್ನೇ ಹೆಸರಾಗಿಟ್ಟುಕೊಂಡು.

ಇಲ್ಲಿಗೆ ಕತೆ ನಿಲ್ಲಿಸಿದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. 1976ರಲ್ಲೇ ಟರ್ನರ್ ಮತ್ತು ಗೋಲ್ಡ್‌ಸ್ಮಿತ್ ಎಂಬ ಸಂಶೋಧಕರು ಆಟಿಕೆ ಬಂದೂಕು ಕೊಟ್ಟಾಗ ಪುಟ್ಟ ಮಕ್ಕಳ ಒರಟು ವರ್ತನೆ ಹೆಚ್ಚಿದ್ದನ್ನು ಕಂಡಿದ್ದರು. 1992ರಲ್ಲಿ ಮಾಲ್ಕಮ್ ವಾಟ್ಸನ್ ಮತ್ತು ಯಿಂಗ್ ಪೆಂಗ್ 36 ಮಕ್ಕಳನ್ನು ನೋಡಿದಾಗಲೂ, ಆಟಿಕೆ ಬಂದೂಕಿನಲ್ಲಿ ಹೆಚ್ಚು ಆಡುವವರಲ್ಲಿ ನಿಜವಾದ ಹೊಡೆತಬಡಿತ ಹೆಚ್ಚಾಗಿಯೇ ಇತ್ತು. ಆದರೆ ಅದೇ ಲೆಕ್ಕದಲ್ಲಿ ಮತ್ತೊಂದು ಅಂಶವೂ ಅಷ್ಟೇ ಗಟ್ಟಿಯಾಗಿ ಎದ್ದುಬಂತು: ಮನೆಯಲ್ಲಿ ಅಪ್ಪ ಅಮ್ಮ ಕೊಡುವ ಶಿಕ್ಷೆ. ಬಂದೂಕನ್ನು ಕಿತ್ತುಕೊಂಡು ಕೆನ್ನೆಗೆ ಬಾರಿಸುವ ತಂದೆಗೆ ಈ ಲೆಕ್ಕ ಹಿತವಾಗಲಾರದು. ಇನ್ನು ಅಮೆರಿಕದ ಡಯೇನ್ ಲೆವಿನ್ ಮತ್ತು ನ್ಯಾನ್ಸಿ ಕಾರ್ಲ್ಸನ್-ಪೇಜ್ ಅವರ ಚಿಂತೆ ಬೇರೆ. 1984ರಲ್ಲಿ ಅಲ್ಲಿ ಮಕ್ಕಳ ಟಿವಿಯ ಮೇಲಿನ ನಿಯಂತ್ರಣ ಸಡಿಲವಾಗಿ, ಆಟಿಕೆ ಮಾರಲೆಂದೇ ಧಾರಾವಾಹಿಗಳು ಬಂದವು. ಮಕ್ಕಳು ತಮ್ಮ ಕತೆ ಕಟ್ಟುವುದನ್ನು ಬಿಟ್ಟು ಟಿವಿಯ ಕತೆಯನ್ನು ಒಪ್ಪಿಸತೊಡಗಿದರು ಎಂದರು. ನನಗೆ ಈ ಮಾತು ಸರಿ ಎನಿಸುತ್ತದೆ. ಕೋಲು ನಾಳೆ ಕುದುರೆಯಾದೀತು, ದೋಣಿಯ ಹುಟ್ಟಾದೀತು. ಅಂಗಡಿಯ ಪಿಸ್ತೂಲು ಪಿಸ್ತೂಲಾಗಿಯೇ ಇರುತ್ತದೆ. ದೀಪಾವಳಿಗೆ ಕೊಡಿಸುತ್ತಿದ್ದ ಕೇಪಿನ ಪಿಸ್ತೂಲು ನನಗೆ ಮೂರನೆಯ ದಿನಕ್ಕೇ ಬೇಸರವಾಗುತ್ತಿತ್ತು. ಕೇಪು ಖಾಲಿಯಾದದ್ದಷ್ಟೇ ಅದಕ್ಕೆ ಕಾರಣವಲ್ಲ.

ದೊಡ್ಡವರ ಕಣ್ಣು ಎಷ್ಟು ತಪ್ಪುತ್ತದೆ ಎಂಬುದನ್ನೂ ಅಳೆದು ನೋಡಿದ್ದಾರೆ. ಪೀಟರ್ ಸ್ಮಿತ್ ಮತ್ತು ಮೆಕ್ಟಿಲ್ಡ್ ಶೇಫರ್ 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಆಟದ ಗುದ್ದಾಟ ನಿಜವಾದ ಜಗಳಕ್ಕೆ ತಿರುಗುವುದು ಎಷ್ಟು ಎಂದು ಕೇಳಿದರೆ ಶಿಕ್ಷಕರು ಹೇಳಿದ್ದು ಸುಮಾರು ಮೂರರಲ್ಲೊಂದು ಪಾಲು. ಅಂಗಳದಲ್ಲಿ ನಿಂತು ಎಣಿಸಿದಾಗ ಸಿಕ್ಕಿದ್ದು ಶೇಕಡಾ 1ರ ಆಸುಪಾಸು.

2007ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರವೇ ಮಾರ್ಗದರ್ಶಿ ಹೊರಡಿಸಿ, ಹುಡುಗರ ಹುಸಿ ಆಯುಧದ ಆಟವನ್ನು ಕಂಡೊಡನೆ ತಡೆಯಬೇಡಿ ಎಂದಿತು. ಶಿಕ್ಷಕರ ಸಂಘ ಸಿಡಿಮಿಡಿಗೊಂಡಿತು. ಅಮೆರಿಕದಲ್ಲಿ ಗಾಳಿ ಅದರ ತಿರುಗಾಮುರುಗಾ. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳೂ 6 ಮಂದಿ ಸಿಬ್ಬಂದಿಯೂ ಹತರಾದ ಬಳಿಕ ಶಾಲೆಗಳು ಬೆರಳಿಗೂ ಬೆದರಿದವು. ಮರುವರ್ಷ ಮಾರ್ಚಿನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಏಳು ವರ್ಷದ ಹುಡುಗನೊಬ್ಬ ಬೆಳಗಿನ ತಿಂಡಿಯನ್ನು ಕಚ್ಚಿಕಚ್ಚಿ ಬಂದೂಕಿನ ಆಕಾರಕ್ಕೆ ತಂದನೆಂದು ಎರಡು ದಿನ ಅಮಾನತಾದ. ತಾನು ಮಾಡಲು ಹೊರಟದ್ದು ಬೆಟ್ಟವನ್ನು ಎಂದು ಆ ಹುಡುಗ ಹೇಳಿದ. 2014ರಲ್ಲಿ ಫ್ಲಾರಿಡಾ ಇಂಥದ್ದಕ್ಕೆ ಶಿಕ್ಷೆ ಕೂಡದೆಂದು ಕಾನೂನು ಮಾಡಿತು. ಅರ್ಧ ತಿಂದ ತಿಂಡಿ, ಎರಡು ಇಂಚಿನೊಳಗಿನ ಆಟಿಕೆ ಪಿಸ್ತೂಲು, ಬೆರಳು, ಎಲ್ಲವೂ ಶಾಸನದ ಭಾಷೆಯಲ್ಲಿ ದಾಖಲಾದವು.

ಅದೇ 2014ರ ನವೆಂಬರ್ 22ರಂದು ಓಹಾಯೊದ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ 12 ವರ್ಷದ ಒಬ್ಬ ಕಪ್ಪು ಹುಡುಗ ಪ್ಲಾಸ್ಟಿಕ್ ಗುಂಡಿನ ಆಟಿಕೆ ಪಿಸ್ತೂಲು ಹಿಡಿದು ಆಡುತ್ತಿದ್ದ. ಯಾರೋ ಫೋನ್ ಮಾಡಿ, ಅದು ಬಹುಶಃ ಆಟಿಕೆಯೇ ಇರಬೇಕು ಎಂದೂ ಹೇಳಿದ್ದರು. ಆ ಮಾತು ಪೊಲೀಸರಿಗೆ ದಾಟಲಿಲ್ಲ. ಕಾರು ಹುಲ್ಲಿನ ಮೇಲೆ ನುಗ್ಗಿ ಬಂದು, ಎರಡು ಸೆಕೆಂಡಿನೊಳಗೆ ಪೊಲೀಸನ ಗುಂಡು ಹಾರಿತು. ಶಿಶುವಿಹಾರದ ಮೂಲೆಯಲ್ಲಿ ಬ್ಲರ್ಟನ್ ಜೋನ್ಸ್ ಎಷ್ಟೋ ಹೊತ್ತು ಕುಳಿತು ನೋಡಿದ್ದ ಹುಬ್ಬು, ಬಾಯಿ, ನಗು ಯಾವುದನ್ನೂ ನೋಡಲು ಅಷ್ಟರಲ್ಲಿ ಸಮಯವಿರಲಿಲ್ಲ.