ಬಾತುಕೋಳಿ ರೋಸ್ಟ್: ಹೂರಣ ಬೆಂದಿದೆಯೇ?

ಕೇರಳದ ಕುಟ್ಟನಾಡಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್, ಈಸ್ಟರ್ ಎಂದರೆ ಬಾತುಕೋಳಿ ಅಡುಗೆ. ನಮ್ಮ ಕರಾವಳಿಯ ಕೆಲವು ಮನೆಗಳಲ್ಲೂ ಇದರ ರೂಢಿಯುಂಟು. ಇಡೀ ಬಾತುಕೋಳಿಗೆ ಹೂರಣ ತುಂಬಿ ರೋಸ್ಟ್ ಮಾಡುವವರು ಒಂದು ಮಾತು ನೆನಪಿಡಬೇಕು: ಹೊರಗೆ ಕೆಂಪಗಾದ ಮಾತ್ರಕ್ಕೆ ಒಳಗೆ ಬೆಂದಿರುವುದಿಲ್ಲ.

ಹಸಿ ಮಾಂಸದ ರಸ ಹೂರಣಕ್ಕೆ ಇಳಿಯುತ್ತದೆ; ಶಾಖ ಅಲ್ಲಿಗೆ ತಲುಪುವುದು ಕೊನೆಗೆ. ಅರೆಬೆಂದ ಹೂರಣದಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳು ಉಳಿದರೆ ವಾಂತಿ, ಭೇದಿ, ಜ್ವರ ಬರಬಹುದು. ಮಕ್ಕಳು, ಗರ್ಭಿಣಿಯರು, ವೃದ್ಧರಿಗೆ ಅಪಾಯ ಹೆಚ್ಚು.

ಆದ್ದರಿಂದ ಈರುಳ್ಳಿ, ಶುಂಠಿ, ಕಾಳುಮೆಣಸು, ಆಲೂಗಡ್ಡೆ, ಕೊಚ್ಚಿದ ಲಿವರ್ ಸೇರಿಸಿದ ಹೂರಣವನ್ನು ಮೊದಲೇ ಪೂರ್ತಿ ಬೇಯಿಸಿಕೊಳ್ಳಿ. ಹಿಂದಿನ ರಾತ್ರಿಯೇ ತುಂಬಿಡಬೇಡಿ. ಓವನ್‌ಗೆ ಇಡುವ ಮುನ್ನ, ಬಿಸಿಯಿರುವಾಗಲೇ ಸಡಿಲವಾಗಿ ತುಂಬಿ. ಚರ್ಮವನ್ನು ಅಲ್ಲಲ್ಲಿ ಚುಚ್ಚಿದರೆ ಕೊಬ್ಬು ಇಳಿಯುತ್ತದೆ. ಹೃದ್ರೋಗಿಗಳು ಆ ಕೊಬ್ಬನ್ನೂ ಚರ್ಮವನ್ನೂ ಬಿಡುವುದು ಒಳ್ಳೆಯದು. 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 2 ಕಿಲೋ ಬಾತುಕೋಳಿಗೆ 2 ಗಂಟೆಗೂ ಹೆಚ್ಚು ಬೇಕಾಗಬಹುದು. ಗಡಿಯಾರಕ್ಕಿಂತ ಅಡುಗೆಯ ಥರ್ಮಾಮೀಟರ್ ನಂಬಿ. ತೊಡೆಯ ದಪ್ಪ ಭಾಗ, ಹೂರಣದ ನಡುಭಾಗ ಎರಡೂ 74 ಡಿಗ್ರಿ ಮುಟ್ಟಿರಬೇಕು.

ಉಳಿದ ಹೂರಣವನ್ನು ಹೊರತೆಗೆದು, ಮಾಂಸದಿಂದ ಬೇರೆಯಾಗಿ, 2 ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಮರುದಿನ ಚೆನ್ನಾಗಿ ಬಿಸಿ ಮಾಡಿಯೇ ಬಡಿಸಿ.