ಚಿಪ್ಪಿನ ಗೋಡೆಗಳ ಊರು ಡೆನ್ಹಮ್

ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಬೇ ಕಡೆಗೆ ಬರುವವರ ಕಣ್ಣೆಲ್ಲ ಮಂಕಿ ಮಿಯಾದ ಮೇಲೆ. ಅಲ್ಲಿ ಡಾಲ್ಫಿನ್‌ಗಳು ಮೊಣಕಾಲುದ್ದದ ನೀರಿನವರೆಗೂ ಬರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಅದಕ್ಕೂ 25 ಕಿಲೋಮೀಟರ್ ಮೊದಲೇ ಡೆನ್ಹಮ್ ಸಿಗುತ್ತದೆ. ಡೀಸೆಲ್ ಹಾಕಿಸಿ, ಬ್ರೆಡ್ಡು, ಐಸ್ ಚೀಲ ಕೊಂಡು ಮುಂದೆ ಹೊರಟುಬಿಡುವವರೇ ಹೆಚ್ಚು. ಹಾಗೆ ಹೋಗಬೇಡಿ, ಒಂದು ಇಡೀ ದಿನ ಈ ಊರಿಗೆ ಕೊಡಿ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಸ್ಟ್ರೇಲಿಯದ ಮುಖ್ಯ ಭೂಭಾಗದಲ್ಲಿ ಇದಕ್ಕಿಂತ ಪಶ್ಚಿಮಕ್ಕೆ ಎಲ್ಲರೂ ಹೋಗಬಹುದಾದ ಬೇರೆ ಪಟ್ಟಣವಿಲ್ಲ. ಪರ್ತ್‌ನಿಂದ 800 ಕಿಲೋಮೀಟರಿಗೂ ಹೆಚ್ಚು ದೂರ. ಓವರ್‌ಲ್ಯಾಂಡರ್ ಎಂಬ ಪೆಟ್ರೋಲ್ ಬಂಕಿನ ಬಳಿ ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ಇನ್ನೂ ಸುಮಾರು 130 ಕಿಲೋಮೀಟರ್ ಕುರುಚಲು ಗಿಡ, ಕೆಂಪು ಮಣ್ಣು. ಎದುರಿಗೆ ಬರುವ ಕ್ಯಾರವಾನ್‌ಗಳ ಚಾಲಕರೆಲ್ಲ ಸ್ಟೀರಿಂಗ್ ಮೇಲಿನ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ. ಅವರದ್ದೇ ರೇಡಿಯೊ ಚಾನೆಲ್ ಕೂಡ ಇದೆ, 18ನೇ ನಂಬರಿನದು. ಗಾಳಿ ಜೋರಿದೆ, ಮುಂದೆ ಎಮು ಅಡ್ಡ ಬಂದಿದೆ ಎಂಬ ಮಾತು ಅದರಲ್ಲಿ ಬರುತ್ತಿರುತ್ತದೆ. ಹೆಚ್ಚಿನವರು ನಿವೃತ್ತ ದಂಪತಿಗಳು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೀಗೆ ಸುತ್ತುವವರು.

ಎಮು ಊರೊಳಗೂ ಇವೆ. ನಮ್ಮ ಕ್ಯಾರವಾನ್ ನಿಂತ ಜಾಗದಿಂದ ಕೆಳಗಿನ ರಸ್ತೆಯಲ್ಲಿ ಒಂದು ಗಂಡು ಎಮು ತನ್ನ ಮರಿಗಳನ್ನು ಹಿಂದೆ ಹಾಕಿಕೊಂಡು ಯಾರದೋ ಮನೆಯ ಹುಲ್ಲಿಗೆ ನುಗ್ಗಿತು. ಕಾರುಗಳು ನಿಂತು ಕಾದವು. ಯಾರೂ ಹಾರ್ನ್ ಹಾಕಲಿಲ್ಲ.

ಊರಿಗಿರುವ ಮುಖ್ಯ ರಸ್ತೆ ಒಂದೇ, ನೈಟ್ ಟೆರೇಸ್. ಒಂದು ಮಗ್ಗುಲಿಗೆ ಅಲೆಯೇ ಇಲ್ಲದ ತಿಳಿನೀಲಿ ಸಮುದ್ರ, ಇನ್ನೊಂದಕ್ಕೆ ಅಂಗಡಿ, ಹೋಟೆಲು. ಮುತ್ತಿನ ಕಸುಬಿನ ಕಾಲದಲ್ಲಿ ಈ ರಸ್ತೆಗೆ ಮುತ್ತಿನ ಚಿಪ್ಪುಗಳನ್ನೇ ಹಾಸಿದ್ದರೆಂದು ಊರಿನವರು ಹೇಳುತ್ತಾರೆ. ನನ್ನ ಕಾಲು ಕಟ್ಟಿಹಾಕಿದ್ದು ಮಾತ್ರ ಸೇಂಟ್ ಆಂಡ್ರೂಸ್ ಎಂಬ ಪುಟ್ಟ ಚರ್ಚಿನ ಗೋಡೆ. ದೂರದಿಂದ ಬಿಳಿ ಕಲ್ಲಿನ ಗೋಡೆ ಅನ್ನಿಸುತ್ತದೆ. ಹತ್ತಿರ ಹೋದರೆ ಅದು ಕಲ್ಲೇ ಅಲ್ಲ, ಚಿಪ್ಪು. ಕಿರುಬೆರಳಿನ ಉಗುರಿನಷ್ಟೇ ಇರುವ ಬಿಳಿಯ ಕಪ್ಪೆಚಿಪ್ಪುಗಳು ಸಾವಿರಗಟ್ಟಲೆ, ಬೆಲ್ಲದ ಪಾಕದಲ್ಲಿ ಕಟ್ಟಿದ ಚುರುಮುರಿ ಉಂಡೆಯ ಹಾಗೆ ಒಂದಕ್ಕೊಂದು ಅಂಟಿ ಕೂತಿವೆ. ಕೆಲವು ಬೋರಲು, ಕೆಲವು ಅಂಗಾತ. ಪ್ರತಿಯೊಂದರ ಬೆನ್ನಿನ ಗೆರೆಗಳೂ ಬೆರಳಿಗೆ ಸಿಗುತ್ತವೆ. ನೈಟ್ ಟೆರೇಸ್‌ನ ಓಲ್ಡ್ ಪರ್ಲರ್ ಹೋಟೆಲಿನ ಕಟ್ಟಡವೂ ಇದೇ ಚಿಪ್ಪಿನದು.

ಈ ಗೋಡೆಯ ಮೂಲ ಕೊಲ್ಲಿಯ ಉಪ್ಪಿನಲ್ಲಿದೆ. ಹ್ಯಾಮೆಲಿನ್ ಪೂಲ್ ಮತ್ತು ಅದರ ಪಕ್ಕದ ಕೊಲ್ಲಿಗಳಿಗೆ ಹೊರಗಿನ ಸಮುದ್ರದ ನೀರು ಸರಾಗವಾಗಿ ಬರುವುದಿಲ್ಲ. ಕಡಲಹುಲ್ಲು ಬೆಳೆದ ದಿಬ್ಬಗಳು ಅಡ್ಡ ಇವೆ, ಮಳೆ ಕಡಿಮೆ, ಬಿಸಿಲು ಜೋರು. ಹ್ಯಾಮೆಲಿನ್‌ನ ನೀರಿಗೆ ಸಾಮಾನ್ಯ ಸಮುದ್ರದ ಎರಡು ಪಟ್ಟು ಉಪ್ಪು. ಬೇರೆ ಜೀವಿಗಳು ತಾಳಲಾರದ ಆ ನೀರಿನಲ್ಲಿ ಈ ಸಣ್ಣ ಚಿಪ್ಪಿನ ಹುಳ ತನ್ನನ್ನು ತಿನ್ನುವವರಿಲ್ಲದೆ ಹಬ್ಬಿತು. ಸತ್ತ ಚಿಪ್ಪುಗಳು ದಡಕ್ಕೆ ಬಂದು ರಾಶಿಬಿದ್ದವು. ಊರಿಗೆ 45 ಕಿಲೋಮೀಟರ್ ಮೊದಲು ಸಿಗುವ ಶೆಲ್ ಬೀಚ್‌ನಲ್ಲಿ ಮರಳೇ ಇಲ್ಲ. ಏಳರಿಂದ ಹತ್ತು ಮೀಟರ್ ಆಳದವರೆಗೂ ಚಿಪ್ಪು. ಹಳೆಯ ರಾಶಿಗಳಲ್ಲಿ ಮಳೆನೀರು ಸುಣ್ಣವನ್ನು ಕರಗಿಸಿ ಕೆಳಗಿಳಿಸಿ, ಅದೇ ಸುಣ್ಣ ಗಾರೆಯಾಗಿ ಚಿಪ್ಪುಗಳನ್ನು ಬೆಸೆಯಿತು. ನಮ್ಮ ಕರಾವಳಿಯಲ್ಲಿ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದರು. ಇಲ್ಲಿ ಸುಡುವ ಕೆಲಸವನ್ನೂ ಉಳಿಸಿ ಪ್ರಕೃತಿಯೇ ಇಟ್ಟಿಗೆ ಮಾಡಿ ಕೊಟ್ಟಿತ್ತು.

ಕ್ಯಾರವಾನ್ ಪಾರ್ಕ್‌ನಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ ಹಿರಿಯರೊಬ್ಬರು, ನಾನು ಚರ್ಚಿನ ಗೋಡೆಯ ಸುದ್ದಿ ಎತ್ತಿದ್ದೇ ತಡ, ಪೈಪು ಕೆಳಗಿಟ್ಟರು. ಹ್ಯಾಮೆಲಿನ್‌ನ ಗಣಿಯಲ್ಲಿ ಚಿಪ್ಪಿನ ಹಾಸನ್ನು ಉದ್ದ ಗರಗಸದಿಂದ ಕೊಯ್ಯುತ್ತಿದ್ದರಂತೆ, ಇಬ್ಬರು ಎದುರುಬದುರು ನಿಂತು. "ಗರಗಸ ಎಳೆಯುವುದು ದೊಡ್ಡದಲ್ಲ. ಎಲ್ಲಿ ಬೆಸುಗೆ ಗಟ್ಟಿಯಿದೆ, ಎಲ್ಲಿ ಪೊಳ್ಳು ಎಂದು ಮೊದಲೇ ತಿಳಿಯಬೇಕು. ತಪ್ಪಿದರೆ ಇಟ್ಟಿಗೆ ಕೈಯಲ್ಲೇ ಉದುರುತ್ತದೆ" ಎಂದು ಗಾಳಿಯಲ್ಲೇ ಗರಗಸ ಎಳೆದು ತೋರಿಸಿದರು. ಈಗ ಆ ಗಣಿಯಲ್ಲಿ ಹೊಸ ಮನೆಗೆಂದು ಕೊಯ್ಯುವಂತಿಲ್ಲ, ಹಳೆಯ ಕಟ್ಟಡಗಳ ದುರಸ್ತಿಗೆ ಮಾತ್ರ. ನಿಯಮ ಸರಿಯೇ, ಆ ದಡ ಉಳಿಯಲೇಬೇಕು. ಅವರ ನೋವು ಬೇರೆಯದು: ಕೊಯ್ಯಬಲ್ಲವರು ಮುದುಕರಾದರು, ಹುಡುಗರು ಮೀನಿನ ದೋಣಿಗೂ ಪ್ರವಾಸಿಗರ ದೋಣಿಗೂ ಹೋದರು. ಮುಂದೊಂದು ದಿನ ಚರ್ಚಿನ ಗೋಡೆ ಬಿರುಕುಬಿಟ್ಟರೆ ಗಣಿ ಇರುತ್ತದೆ, ಅನುಮತಿ ಇರುತ್ತದೆ, ಕೈ ಇರುವುದಿಲ್ಲ. ಪ್ರತಿ ದುರಸ್ತಿಯಲ್ಲೂ ಇಬ್ಬರು ಹುಡುಗರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಕೆಂದು ನನಗೂ ಬಲವಾಗಿ ಅನ್ನಿಸಿತು.

ಅವರು ಬಿಡುತ್ತಿದ್ದ ನೀರಿಗೂ ಒಂದು ಕಥೆಯಿದೆ. ಡೆನ್ಹಮ್‌ನಲ್ಲಿ ಎರಡು ಬಗೆಯ ನೀರು: ಆಳದ ಕೊಳವೆಬಾವಿಯ ಉಪ್ಪುನೀರು ಒಂದು, ಅದರ ಉಪ್ಪು ತೆಗೆದ ಕುಡಿಯುವ ನೀರು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪೈಪು. ಸಿಹಿನೀರನ್ನು ಇಲ್ಲಿ ಅಳೆದು ಸುರಿದು ಬಳಸುತ್ತಾರೆ. ಅದರಲ್ಲಿ ಕ್ಯಾರವಾನ್ ತೊಳೆಯಹೋಗುವ ಪ್ರವಾಸಿಗರನ್ನು ಕಂಡರೆ ಇವರಿಗೆ ಸಂಕಟ. ನ್ಯಾಯವೇ.

ಮಾಹಿತಿ ಕೇಂದ್ರದ ಕರಪತ್ರಗಳಲ್ಲಿ ಇತಿಹಾಸ ಬೇಕಾದಷ್ಟಿದೆ. ಇದು ಮೂಲನಿವಾಸಿಗಳಾದ ಮಲ್ಗಾನ ಜನರ ನೆಲ. 1616ರಲ್ಲಿ ಡಚ್ ನಾವಿಕ ಡಿರ್ಕ್ ಹಾರ್ಟೋಗ್ ಎದುರಿನ ದ್ವೀಪದಲ್ಲಿಳಿದು ಒಂದು ಲೋಹದ ತಟ್ಟೆ ನೆಟ್ಟುಹೋದ. 1697ರಲ್ಲಿ ಬಂದ ಇನ್ನೊಬ್ಬ ಡಚ್ ನಾವಿಕ ಫ್ಲಾಮಿಂಗ್ ಅದನ್ನು ಒಯ್ದು ಬೇರೆಯದನ್ನು ಇಟ್ಟ. ಶಾರ್ಕ್ ಬೇ ಎಂದು ಹೆಸರಿಟ್ಟವನು ಇಂಗ್ಲಿಷ್ ನಾವಿಕ ಡ್ಯಾಂಪಿಯರ್, 1699ರಲ್ಲಿ. 1858ರಲ್ಲಿ ಕೊಲ್ಲಿಯ ನಕ್ಷೆ ಬರೆದ ಕ್ಯಾಪ್ಟನ್ ಡೆನ್ಹಮ್‌ನ ಹೆಸರು ಊರಿಗೆ ಬಂತು. 1991ರಲ್ಲಿ ಇಡೀ ಪ್ರದೇಶ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1941ರ ನವೆಂಬರ್‌ನಲ್ಲಿ ಈ ಕರಾವಳಿಯಾಚೆ ಮುಳುಗಿದ ಸಿಡ್ನಿ ಯುದ್ಧನೌಕೆಯ 645 ಮಂದಿಯ ನೆನಪಿಗೂ ಕೇಂದ್ರದಲ್ಲಿ ಒಂದು ಕೋಣೆಯಿದೆ. ಆ ಕೋಣೆಯಿಂದ ಬೇಗ ಹೊರಬರಲು ಮನಸ್ಸಾಗುವುದಿಲ್ಲ.

ಊರು ಹುಟ್ಟಿದ್ದು ಮುತ್ತಿನಿಂದ. ದೋಣಿಯ ಹಿಂದೆ ತಂತಿಯ ಬಲೆಪೆಟ್ಟಿಗೆ ಎಳೆದು ಚಿಪ್ಪು ಬಾಚುತ್ತಿದ್ದರು. ಬಿಡಿಸಿದ ಮಾಂಸವನ್ನು ಪೋಗಿ ಎನ್ನುವ ಹಂಡೆಗಳಲ್ಲಿ ಕೊಳೆಯಲು ಬಿಟ್ಟು, ಆಮೇಲೆ ಕುದಿಸಿ, ತಳದಲ್ಲಿ ನಿಂತ ಮುತ್ತು ಸೋಸಿಕೊಳ್ಳುತ್ತಿದ್ದರು. ಬಿಳಿಯರು, ಮಲಯರು, ಚೀನಿಯರು, ಮಲ್ಗಾನ ಜನ ಎಲ್ಲರೂ ಆ ದುರ್ನಾತದಲ್ಲೇ ದುಡಿದವರು. ಮುತ್ತಿನ ಹೊಳಪಿನ ಹಿಂದಿನ ಈ ಭಾಗ ಆಭರಣದಂಗಡಿಯಲ್ಲಿ ಯಾರಿಗೂ ತಿಳಿಯುವುದಿಲ್ಲ.

ಮಧ್ಯಾಹ್ನ ಈಗಲ್ ಬ್ಲಫ್‌ಗೆ ಹೋದೆವು, ದಕ್ಷಿಣಕ್ಕೆ 20 ಕಿಲೋಮೀಟರ್. ಬಂಡೆಯ ಮೇಲಿನ ಮರದ ಹಾದಿಯಿಂದ ಕೆಳಗೆ ನೋಡಿದರೆ ತೊರಕೆ ಮೀನುಗಳು ಕಪ್ಪು ಕಲೆಗಳಂತೆ ಜಾರುತ್ತಿದ್ದವು. ಗಾಳಿಗೆ ಟೋಪಿ ಕೈಯಲ್ಲೇ ಹಿಡಿದಿರಬೇಕು. ಸಂಜೆ ಪಾರ್ಕ್‌ನಲ್ಲಿ ಎಲ್ಲರೂ ಮಡಚುಕುರ್ಚಿ ತಂದು ಸೇರಿದರು. ನಮ್ಮ ಚಹಾ, ಅವ್ವ ಕಟ್ಟಿಕೊಟ್ಟಿದ್ದ ಚಕ್ಕುಲಿ ಅಲ್ಲಿ ಬಲು ಬೇಗ ಖಾಲಿಯಾದವು.

ಹೋಗುವುದಾದರೆ ಜೂನ್‌ನಿಂದ ಆಗಸ್ಟ್‌ವರೆಗೆ ಹಿತವಾದ ಹವೆ. ಆಗಲೇ ಜನವೂ ಹೆಚ್ಚು, ಜಾಗ ಮುಂಚೆಯೇ ಕಾದಿರಿಸಿ. ನೀರಿನ ಟ್ಯಾಂಕನ್ನು ದಾರಿಯ ದೊಡ್ಡ ಊರಿನಲ್ಲೇ ತುಂಬಿಸಿಕೊಂಡು ಬನ್ನಿ. ದಾರಿಯಲ್ಲಿ ಹ್ಯಾಮೆಲಿನ್‌ಗೂ ಇಳಿಯಿರಿ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್ ದಿಬ್ಬಗಳು ಅಲ್ಲಿವೆ. ಉಣ್ಣೆ ಸಾಗಿಸುತ್ತಿದ್ದ ಗಾಡಿಗಳ ಚಕ್ರದ ಗುರುತು ಆ ಪದರಗಳ ಮೇಲೆ ಇವತ್ತಿಗೂ ಮಾಸಿಲ್ಲ. ಅಷ್ಟು ನಿಧಾನವಾಗಿ ಬೆಳೆಯುತ್ತವೆ ಅವು. 2021ರ ಸೆರೋಜಾ ಚಂಡಮಾರುತಕ್ಕೆ ಅಲ್ಲಿನ ಮರದ ಹಾದಿ ಹಾಳಾಯಿತು. ಹಾಗೆಂದು ದಿಬ್ಬಗಳ ಮೇಲೆ ಮಾತ್ರ ಕಾಲಿಡಬೇಡಿ.