ಎಣಿಕೆಯಿಂದ ಆಜ್ಞೆಯವರೆಗೆ

ಸಮಾಜವನ್ನು ಕುರಿತ ವರದಿಗಳು ಕಪಾಟು ಸೇರಿ ಗೆದ್ದಲಿಗೆ ಆಹಾರವಾಗುತ್ತವೆ ಎಂಬ ಮಾತು ನಮ್ಮಲ್ಲಿ ವಾಡಿಕೆಯಾಗಿದೆ. ಬಹುಮಟ್ಟಿಗೆ ಅದು ನಿಜ. ಆದರೆ ನಮ್ಮ ನಾಡಿನಲ್ಲಿಯೇ ಒಂದು ಎಣಿಕೆ ಸರಕಾರದ ಆಜ್ಞೆಯಾಗಿ, ಅಸಂಖ್ಯ ಬಡಮನೆಗಳ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದ ಪ್ರಸಂಗವುಂಟು. ಅದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಹಿಂದುಳಿದ ವರ್ಗಗಳಿಗೆ ವಿಶೇಷ ಸೌಲಭ್ಯ ನೀಡಲು ಸಂವಿಧಾನ ಅವಕಾಶ ಕೊಟ್ಟಿತು. ಹಿಂದುಳಿದವರು ಯಾರೆಂದು ಹೆಸರಿಸಲಿಲ್ಲ. ಆ ಹೊಣೆಯನ್ನು ಹೊತ್ತ ಡಾ. ಆರ್. ನಾಗನಗೌಡರ ಸಮಿತಿ ಪ್ರೌಢಶಾಲೆಯ ಕಡೆಯ ಮೂರು ತರಗತಿಗಳಲ್ಲಿ ಓದುತ್ತಿದ್ದವರನ್ನು ಸಮುದಾಯವಾರು ಎಣಿಸಿತು. ರಾಜ್ಯದ ಸರಾಸರಿ ಸಾವಿರಕ್ಕೆ 6.9 ಎಂದು ಕಂಡುಬಂತು. ಅದನ್ನು ಆಧರಿಸಿ 1962ರಲ್ಲಿ ಸರಕಾರ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಶೇಕಡಾ 68ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದೇ ವರ್ಷ ಆ ಆಜ್ಞೆಯನ್ನು ರದ್ದುಪಡಿಸಿತು. ಜಾತಿಯೊಂದೇ ಅಳತೆಗೋಲಾಗಬಾರದು, ಸರಾಸರಿಯ ಆಸುಪಾಸಿನಲ್ಲಿರುವವರನ್ನೆಲ್ಲ ಹಿಂದುಳಿದವರೆನ್ನಲಾಗದು, ಸರಾಸರಿಯ ಅರ್ಧಕ್ಕಿಂತ ಕೆಳಗಿರುವವರ ವಿಷಯದಲ್ಲಿ ಮಾತ್ರ ಸಂದೇಹವಿಲ್ಲ ಎಂಬುದು ಅದರ ಅಭಿಪ್ರಾಯದ ಸಾರ.

ಸೋತ ಮೊಕದ್ದಮೆಯೂ ಸಂಶೋಧಕನಿಗೆ ಪಾಠವಾಗಬಲ್ಲದು. 1972ರಲ್ಲಿ ನೇಮಕಗೊಂಡ ಎಲ್.ಜಿ. ಹಾವನೂರರ ಆಯೋಗ ಆ ತೀರ್ಪನ್ನೇ ಎದುರಿಗಿಟ್ಟುಕೊಂಡು ಹೊರಟಿತು. ಹಳ್ಳಿ ಪಟ್ಟಣಗಳಲ್ಲಿ 3 ಲಕ್ಷಕ್ಕೂ ಮೇಲ್ಪಟ್ಟ ಜನರ ಕಸುಬು, ವಸತಿ, ಆರ್ಥಿಕ ಸ್ಥಿತಿಗಳನ್ನು ವಿಚಾರಿಸಿತು. 1972ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಲೆಕ್ಕ ಹಾಕಿದಾಗ ಸಿಕ್ಕ ಸರಾಸರಿ ಸಾವಿರಕ್ಕೆ 1.69. ಇದರ ಅರ್ಧಕ್ಕಿಂತ ಕೆಳಗೆ, ಎಂದರೆ ಸಾವಿರ ಜನರಲ್ಲಿ ಸರಾಸರಿ ಒಬ್ಬರೂ ತೇರ್ಗಡೆಯಾಗದಂಥ ಸಮುದಾಯಗಳಿದ್ದವು. ಅವುಗಳ ದಾರಿದ್ರ್ಯ ಎಲ್ಲರಿಗೂ ಗೊತ್ತಿದ್ದದ್ದೇ; ನ್ಯಾಯಾಲಯದ ಮುಂದೆ ನಿಲ್ಲಬಲ್ಲ ರೂಪ ಅದಕ್ಕೆ ದೊರೆತದ್ದು ಆಗ.

ಈ ಅಳತೆ ನಿರ್ದೋಷವಾದುದೆಂದು ನಾನು ಹೇಳಲಾರೆ. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿನ ಕಥೆಯನ್ನು ಪರೀಕ್ಷೆಯ ಫಲಿತಾಂಶ ಹೇಳುವುದಿಲ್ಲ. ಒಂದು ಸಮುದಾಯದೊಳಗಿನ ಸಿರಿವಂತನನ್ನೂ ಕೂಲಿಯವನನ್ನೂ ಸರಾಸರಿಯೆಂಬುದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಸಾಲದೆಂಬಂತೆ, 1931ರ ನಂತರ ಜಾತಿವಾರು ಜನಗಣತಿ ಪೂರ್ಣವಾಗಿ ಪ್ರಕಟವಾಗಿರಲಿಲ್ಲ. ದಶಾಂಶದವರೆಗೆ ಕರಾರುವಾಕ್ಕಾಗಿ ಕಾಣುವ ಲೆಕ್ಕದ ಭಾಜಕವೇ ಅಂದಾಜಿನದು!

1975ರಲ್ಲಿ ವರದಿ ಬಂತು. 1977ರ ಫೆಬ್ರವರಿಯಲ್ಲಿ ದೇವರಾಜ ಅರಸರ ಸರಕಾರ ಕೆಲವು ಮಾರ್ಪಾಡುಗಳೊಡನೆ ಅದನ್ನು ಜಾರಿಗೆ ತಂದಿತು. ವಾದವೇನೂ ಅಲ್ಲಿಗೆ ತಣ್ಣಗಾಗಲಿಲ್ಲ. ವಸಂತಕುಮಾರ್ ಮೊಕದ್ದಮೆಯಲ್ಲಿ 1985ರಲ್ಲಿ ಐವರು ನ್ಯಾಯಾಧೀಶರು ಐದು ಪ್ರತ್ಯೇಕ ಅಭಿಪ್ರಾಯಗಳನ್ನೇ ಬರೆದರು.

ಇದರ ಬೆನ್ನಿಗೇ ಬಂದ ಇನ್ನೊಂದು ವರದಿಯನ್ನೂ ನೆನೆಯಬೇಕು. 1983ರಲ್ಲಿ ನೇಮಕವಾದ ವೆಂಕಟಸ್ವಾಮಿ ಆಯೋಗವೂ ವ್ಯಾಪಕ ಸಮೀಕ್ಷೆ ನಡೆಸಿ, 1986ರಲ್ಲಿ ವರದಿ ಒಪ್ಪಿಸಿತು. ಪ್ರಬಲ ಸಮುದಾಯಗಳನ್ನು ಅದು ಪಟ್ಟಿಯಿಂದ ಹೊರಗಿಟ್ಟಾಗ ಪ್ರತಿಭಟನೆ ಭುಗಿಲೆದ್ದಿತು. ಸರಕಾರ ವರದಿಯನ್ನು ಒಪ್ಪಲಿಲ್ಲ. ಶ್ರಮದಲ್ಲಿ ಅದು ಹಾವನೂರು ವರದಿಗೆ ಕಡಿಮೆಯೆಂದು ನನಗೆ ತೋರುವುದಿಲ್ಲ. ಅರಸರಿಗೆ ಚಿಕ್ಕಪುಟ್ಟ ಸಮುದಾಯಗಳ ಬೆಂಬಲ ಬೇಕಾಗಿತ್ತು, ಆ ಸಮುದಾಯಗಳಿಗೆ ಹಾವನೂರರ ಅಂಕಿಗಳು ಬೇಕಾಗಿದ್ದವು. ವೆಂಕಟಸ್ವಾಮಿಯವರ ಅಂಕಿಗಳನ್ನು ಕೈಗೆತ್ತಿಕೊಳ್ಳುವ ಬಲಶಾಲಿಗಳು ಯಾರೂ ಇರಲಿಲ್ಲ.

2015ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯ ವರದಿ ಸರಕಾರದ ಕೈ ಸೇರಿದ್ದು 2024ರಲ್ಲಿ. ಅಷ್ಟರಲ್ಲಿ ಅಂಕಿಗಳು ಹಳತಾದವೆಂಬ ತಕರಾರು ಎದ್ದಿತ್ತು. 2025ರ ಸೆಪ್ಟೆಂಬರಿನಲ್ಲಿ ಶಾಲಾ ಶಿಕ್ಷಕರು 60 ಪ್ರಶ್ನೆಗಳೊಡನೆ ಮತ್ತೆ ನಮ್ಮ ಮನೆಬಾಗಿಲುಗಳಿಗೆ ಬಂದರು.